ದೇವರ ಮಾತನ್ನು ಕೇಳುವ ಮನಸ್ಸು ನಮಗಿದೆಯೇ? ಕರೆ ಮತ್ತು ಸೇವೆಯ ಕುರಿತು ಒಂದು ಚರ್ಚೆ

ಯೌವನಸ್ಥರ ಕೂಟದ ಸದಸ್ಯ (ಚರ್ಚೆ ಆರಂಭಿಸಿದವರು):

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ಕೆಲವು ಕಾಲದಿಂದ ನನ್ನನ್ನು ಬಿಡದೆ ಕಾಡುತ್ತಿರುವ ಒಂದು ಪ್ರಶ್ನೆಯನ್ನು ಹಿರಿಯರಾದ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಉದ್ಯೋಗವನ್ನು ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗಬೇಕೆಂಬ ಆಸೆ ನನಗಿದೆ. ಇದು ದೇವರ ಕರೆಯೋ, ಇಲ್ಲವೇ ನನ್ನದೇ ಬಯಕೆಯೋ ಎಂದು ಪ್ರಾರ್ಥಿಸುತ್ತಿದ್ದೇನೆ. "ನಿನ್ನ ಚಿತ್ತದಂತೆ ನಡೆಸು" ಎಂದು ನಾವೆಲ್ಲರೂ ಕೇಳಿಕೊಳ್ಳುತ್ತೇವೆ. ಆದರೆ ಹಾಗೆ ಕೇಳಿಕೊಳ್ಳುವ ಹೊತ್ತಿಗಾಗಲೇ ದಾರಿಯನ್ನು ನಾವೇ ಗೊತ್ತುಮಾಡಿಕೊಂಡು, ಅದಕ್ಕೆ ದೇವರ ಒಪ್ಪಿಗೆಯನ್ನಷ್ಟೇ ಕಾಯುತ್ತಿರಬಹುದಲ್ಲವೇ? ನನ್ನ ತಂದೆತಾಯಿಗೆ ಈ ವಿಚಾರದಲ್ಲಿ ಭಯವಿದೆ. ಅವರನ್ನು ಎದುರಿಸಿ ಹೊರಡುವುದೇ ವಿಧೇಯತೆ ಎಂದು ಸ್ನೇಹಿತರು ಹೇಳುತ್ತಾರೆ. ಪ್ರವಾದಿಯಾದ ಯೆಶಾಯನು "ನಾನಿದ್ದೇನೆ, ನನ್ನನ್ನು ಕಳುಹಿಸು" ಎಂದದ್ದನ್ನು ನೆನಪಿಸುತ್ತಾರೆ.

ನನ್ನ ಪ್ರಶ್ನೆ ಇಷ್ಟೇ: ದೇವರು ಏನು ಹೇಳಿದರೂ ಕೇಳುತ್ತೇನೆ ಎಂಬ ಮನಸ್ಸು ನಿಜವಾಗಿಯೂ ನಮ್ಮಲ್ಲಿದೆ ಎಂಬುದನ್ನು ತಿಳಿದುಕೊಳ್ಳುವುದು ಹೇಗೆ?

ಸಭಾಪಾಲಕ:

ಸಹೋದರರೇ, ನಿಮ್ಮ ಸ್ನೇಹಿತರು ನೆನಪಿಸಿದ ಆ ಅಧ್ಯಾಯವನ್ನೇ ಇನ್ನೊಮ್ಮೆ ನಿಧಾನವಾಗಿ ಓದೋಣ. ಯೆಶಾಯನ 6ನೆಯ ಅಧ್ಯಾಯವನ್ನು ಸೇವೆಗೆ ಕರೆಕೊಡುವ ಕೂಟಗಳಲ್ಲಿ ಬಹಳ ಸಲ ಓದುತ್ತಾರೆ. ಆದರೆ ಓದು 8ನೆಯ ವಚನಕ್ಕೆ ನಿಂತುಬಿಡುತ್ತದೆ. 9ನೆಯ ವಚನದಿಂದ ಮುಂದಕ್ಕೆ ಅವನಿಗೆ ಸಿಕ್ಕ ಕೆಲಸವೇನೆಂದು ನೋಡಿ. ಕಿವಿಗೆ ಬಿದ್ದರೂ ಗ್ರಹಿಸದ, ಕಣ್ಣಿಗೆ ಕಂಡರೂ ತಿಳಿದುಕೊಳ್ಳದ ಜನರ ಬಳಿಗೆ ಹೋಗಿ ಅವನು ಮಾತಾಡಬೇಕು. "ಕರ್ತನೇ, ಎಷ್ಟರ ತನಕ?" ಎಂದು ಅವನು ಕೇಳುತ್ತಾನೆ. ಊರುಗಳು ಹಾಳುಬಿದ್ದು, ಮನೆಗಳಲ್ಲಿ ಜನರಿಲ್ಲದೆ, ದೇಶವೆಲ್ಲ ಬರಿದಾಗುವ ತನಕ ಎಂಬ ಉತ್ತರ ಬರುತ್ತದೆ. ಯೆಶಾಯನು ಒಪ್ಪಿಕೊಂಡದ್ದು ಈ ವಿವರವನ್ನು ಕೇಳುವುದಕ್ಕೆ ಮುಂಚೆ. ಕೆಲಸ ಯಾವುದು, ಫಲ ಎಷ್ಟು, ಎಷ್ಟು ವರ್ಷ ಎಂಬುದನ್ನೆಲ್ಲ ತಿಳಿದುಕೊಂಡು ಆಮೇಲೆ ಒಪ್ಪುತ್ತೇನೆ ಎನ್ನುವುದು ಚೌಕಾಸಿಯಾಗುತ್ತದೆ. ನಿಮ್ಮ ವಿಷಯದಲ್ಲಿ ಕೆಲಸ ಯಾವುದೆಂದು ನಿಮಗೆ ಆಗಲೇ ಗೊತ್ತಿರುವುದರಿಂದ, ನಿಮಗೆ ಹೊಂದುವ ಪರೀಕ್ಷೆ ಸ್ವಲ್ಪ ಬೇರೆಯದು: "ಹೋಗು" ಎಂಬ ಮಾತಿಗೆ ಎಷ್ಟು ಸಿದ್ಧರಿದ್ದೀರೋ, "ಈಗಿರುವಲ್ಲಿಯೇ ಇರು" ಎಂಬ ಮಾತಿಗೂ ಅಷ್ಟೇ ಸಿದ್ಧರಿದ್ದೀರಾ? ಎರಡರಲ್ಲಿ ಒಂದಕ್ಕೆ ಮಾತ್ರ ಕಿವಿ ತೆರೆದಿದ್ದರೆ ಅದು ಇನ್ನೂ ಕೇಳುವ ಮನಸ್ಸಾಗಿಲ್ಲ.

ಇನ್ನು ಸಮುವೇಲನ ವೃತ್ತಾಂತ. ಚಿಕ್ಕ ಮಕ್ಕಳಿಗೆ ನಾವು ಇದನ್ನು ಬಹಳ ಪ್ರೀತಿಯಿಂದ ಹೇಳಿಕೊಡುತ್ತೇವೆ. ರಾತ್ರಿ, ಶೀಲೋವಿನ ಮಂದಿರ, ಆರದೆ ಉರಿಯುತ್ತಿರುವ ದೀಪ, ಮೂರು ಸಲ ಎದ್ದು ಯಾಜಕನಾದ ಏಲಿಯ ಬಳಿಗೆ ಓಡಿಹೋಗುವ ಹುಡುಗ, ನಾಲ್ಕನೆಯ ಕರೆಗೆ "ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ" ಎಂಬ ಉತ್ತರ. ಮಕ್ಕಳ ಪಾಠ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಹುಡುಗನು ಕೇಳಿಸಿಕೊಂಡ ಮೊತ್ತಮೊದಲ ದೈವವಾಕ್ಯ ಯಾವುದು? ತನ್ನನ್ನು ಸಾಕಿ ಬೆಳೆಸಿದ ಏಲಿಯ ಮನೆತನದ ಮೇಲೆ ಬರಲಿರುವ ನ್ಯಾಯತೀರ್ಪು! ಅವನು ಬೆಳಗಿನ ತನಕ ಮಲಗಿದ್ದು, ಎದ್ದು ಯೆಹೋವನ ಮಂದಿರದ ಬಾಗಿಲುಗಳನ್ನು ತೆರೆದನೆಂದೂ, ಆ ದರ್ಶನವನ್ನು ಏಲಿಗೆ ತಿಳಿಸಲು ಅಂಜಿದನೆಂದೂ 1 ಸಮುವೇಲ 3ನೆಯ ಅಧ್ಯಾಯದ 15ನೆಯ ವಚನ ಹೇಳುತ್ತದೆ. ಆ ಬಾಗಿಲು ತೆರೆಯುವ ಮಾತು ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುತ್ತದೆ. ದೇವರ ಸ್ವರವನ್ನು ಕೇಳಿದ ಮರುದಿನ ಬೆಳಗ್ಗೆಯೂ ಅವನು ತನ್ನ ದಿನನಿತ್ಯದ ಕೆಲಸವನ್ನು ಬಿಡಲಿಲ್ಲ. ಕೇಳಿದ್ದನ್ನು ಕೂಡಲೆ ಸಾರಿಕೊಂಡು ತಿರುಗಲೂ ಇಲ್ಲ. ಹೇಳಬೇಕಾದ ಗಳಿಗೆ ಬಂದಾಗ ಮಾತ್ರ, ಭಯವಿದ್ದರೂ, ಒಂದನ್ನೂ ಮುಚ್ಚಿಡದೆ ಹೇಳಿದನು.

ನಮಗೆ ಇಷ್ಟವಾದದ್ದನ್ನೇ ಹೇಳುವ ಸ್ವರವನ್ನು ಅನುಮಾನಿಸಬೇಕೆಂದು ನಾನು ಹೇಳುವುದಿಲ್ಲ; ದೇವರು ನಮ್ಮ ಆಸೆಗಳ ಮೂಲಕವೂ ನಡೆಸುತ್ತಾನೆ. ಆದರೆ ನಮಗೆ ಒಲ್ಲದ ಒಂದು ಮಾತನ್ನಾದರೂ ದೇವರಿಂದ ಕೇಳಿ, ಅದಕ್ಕೆ ತಲೆಬಾಗಿದ ಅನುಭವ ನಮ್ಮ ಜೀವಿತದಲ್ಲಿ ಇಲ್ಲವೇ ಇಲ್ಲ ಎಂದಾದರೆ, ಅಲ್ಲಿ ಸ್ವಲ್ಪ ನಿಂತು ನಮ್ಮನ್ನು ನಾವು ಪರಿಶೋಧಿಸಿಕೊಳ್ಳಬೇಕು.

ವಾಕ್ಯಾಭ್ಯಾಸಿ:

ಅಯ್ಯನವರ ಮಾತನ್ನು ಒಪ್ಪುತ್ತೇನೆ. ಅದಕ್ಕೆ ಒಂದು ವಿಷಯವನ್ನು ಸೇರಿಸಬೇಕೆನಿಸುತ್ತದೆ. "ದೇವರ ಚಿತ್ತವನ್ನು ಹುಡುಕುತ್ತಿದ್ದೇನೆ" ಎನ್ನುವಾಗ ನಮ್ಮಲ್ಲಿ ಹೆಚ್ಚಿನವರು ಹುಡುಕುವುದು ಸತ್ಯವೇದದಲ್ಲಿ ಬರೆದಿಲ್ಲದ ಸಂಗತಿಗಳನ್ನು: ಯಾವ ಊರು, ಯಾವ ಕೆಲಸ, ಯಾರೊಂದಿಗೆ ಮದುವೆ. ಬರೆದಿರುವ ಚಿತ್ತವೋ ಕಣ್ಣೆದುರಿಗೇ ಇದೆ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ವಿರೋಧವಿದೆಯೆಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಅವನ ಸಂಗಡ ಒಂದಾಗು ಎಂದು ಕರ್ತನು ಹೇಳಿದ್ದಾನೆ. ಕೂಲಿಯವನ ಕೂಲಿಯನ್ನು ಹಿಡಿದಿಟ್ಟುಕೊಳ್ಳಬೇಡಿರೆಂದು ಯಾಕೋಬನು ಎಚ್ಚರಿಸುತ್ತಾನೆ. ಇವುಗಳಿಗೆ ದರ್ಶನ ಬೇಕಾಗಿಲ್ಲ, ಉಪವಾಸದ ದಿನಗಳೂ ಬೇಕಾಗಿಲ್ಲ. ಮಾತಾಡದೆ ಬಿಟ್ಟ ಅಣ್ಣನ ಮನೆಗೆ ಹೋಗುವುದನ್ನು ಮುಂದೂಡುತ್ತಾ, ದೂರದೇಶದ ಸೇವೆಗೆ ಕರೆ ಬರಲೆಂದು ಕಾಯುವುದು ಹೇಗೆ ಸರಿಯಾದೀತು?

ಅಮಾಲೇಕ್ಯರ ಮೇಲಿನ ಯುದ್ಧದ ನಂತರ ಅರಸನಾದ ಸೌಲನು ಒಳ್ಳೊಳ್ಳೆಯ ಕುರಿದನಗಳನ್ನು ಉಳಿಸಿಕೊಂಡು, ಅವು ಯೆಹೋವನಿಗೆ ಯಜ್ಞಮಾಡುವುದಕ್ಕೆ ಎಂದನು. ಯಜ್ಞಕ್ಕಿಂತ ವಿಧೇಯತೆಯೇ ಉತ್ತಮ ಎಂಬ ಸಮುವೇಲನ ಉತ್ತರ ಬಂದದ್ದು ಅಲ್ಲಿಯೇ. ಸೌಲನು ಆರಾಧನೆಯನ್ನು ಬಿಟ್ಟವನಲ್ಲ ಎಂಬುದನ್ನು ಗಮನಿಸಬೇಕು. ದೇವರು ಕೇಳಿದ್ದನ್ನು ಕೊಡದೆ, ಕೇಳದ ದೊಡ್ಡದೊಂದನ್ನು ಕೊಡಲು ಹೊರಟಿದ್ದನು. ಹಾಗೆಯೇ ಮತ್ತಾಯನ 21ನೆಯ ಅಧ್ಯಾಯದ ಇಬ್ಬರು ಮಕ್ಕಳಲ್ಲಿ ಒಬ್ಬನು "ಹೋಗುತ್ತೇನಪ್ಪಾ" ಎಂದು ಗೌರವದಿಂದ ಹೇಳಿ ಹೋಗಲಿಲ್ಲ. ಇನ್ನೊಬ್ಬನು ಒಲ್ಲೆನೆಂದು ಮುಖಕ್ಕೇ ಹೇಳಿ, ಆಮೇಲೆ ಮನಸ್ಸು ತಿರುಗಿ ತೋಟಕ್ಕೆ ಹೋದನು. ತಂದೆಯ ಇಷ್ಟವನ್ನು ನೆರವೇರಿಸಿದವನು ಹೋದವನೇ.

ಪ್ರಾರ್ಥನಾ ಕೂಟದ ಸಹೋದರಿ:

ಎಲ್ಲರಿಗೂ ವಂದನೆಗಳು. ಬರೆದಿರುವ ವಾಕ್ಯವೇ ಅಡಿಪಾಯ ಎಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೂ ಹಿಂದಿನ ಬರಹವನ್ನು ಓದಿದವರಿಗೆ, ದೇವರು ಈಗ ಯಾರನ್ನೂ ಹೆಸರು ಹಿಡಿದು ಯಾವ ಕೆಲಸಕ್ಕೂ ಕಳುಹಿಸುವುದಿಲ್ಲ ಎಂಬ ಅಭಿಪ್ರಾಯ ಬರಬಾರದು. ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದ ಅನನೀಯನನ್ನು ನೆನೆಯಿರಿ. ಅವನು ಅಪೊಸ್ತಲನಲ್ಲ, ದಮಸ್ಕದಲ್ಲಿದ್ದ ಒಬ್ಬ ಶಿಷ್ಯ ಅಷ್ಟೇ. ಅವನಿಗೆ ಬಂದ ಮಾತು ಎಷ್ಟು ನಿಖರವಾಗಿದೆ ನೋಡಿ: "ನೆಟ್ಟನೆಯ ಬೀದಿ" ಎಂಬ ಬೀದಿ, ಯೂದನೆಂಬವನ ಮನೆ, ತಾರ್ಸದ ಸೌಲನೆಂಬ ಮನುಷ್ಯ (ಮುಂದೆ ಅಪೊಸ್ತಲ ಪೌಲನಾದವನು). ಅನನೀಯನು ಕೂಡಲೆ ಒಪ್ಪಲಿಲ್ಲ. ಈ ಮನುಷ್ಯನು ನಿನ್ನ ಜನರಿಗೆ ಎಷ್ಟು ಕೇಡು ಮಾಡಿದ್ದಾನೆಂದು ಬಹಳ ಜನರಿಂದ ಕೇಳಿದ್ದೇನೆ ಎಂದು ತನ್ನ ಭಯವನ್ನು ಕರ್ತನ ಮುಂದೆ ಹೇಳಿಕೊಂಡನು. ಕರ್ತನು ಅವನನ್ನು ಗದರಿಸಲಿಲ್ಲ. ಇನ್ನಷ್ಟು ತಿಳಿಸಿ, "ಹೋಗು" ಎಂದನು. ಅವನು ಹೋಗಿ, ತನ್ನನ್ನು ಸೆರೆಹಿಡಿಯಲು ಬಂದಿದ್ದವನ ತಲೆಯ ಮೇಲೆ ಕೈಯಿಟ್ಟು, "ಸಹೋದರನಾದ ಸೌಲನೇ" ಎಂದು ಕರೆದನು.

ಪ್ರಶ್ನೆ ಕೇಳಿದ ತಮ್ಮನಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಭಯವಿದೆ ಎಂದ ಮಾತ್ರಕ್ಕೆ ಮನಸ್ಸಿಲ್ಲ ಎಂದಲ್ಲ. ಮೋಶೆಯು ಉರಿಯುವ ಪೊದೆಯ ಮುಂದೆ ನಿಂತು ಒಂದಾದ ಮೇಲೊಂದು ಆಕ್ಷೇಪವನ್ನೆತ್ತಿದನು, ಬೇರೆ ಯಾರನ್ನಾದರೂ ಕಳುಹಿಸು ಎಂದು ಬೇಡಿಕೊಂಡನು. ಆಗ ದೇವರಿಗೆ ಕೋಪ ಬಂದದ್ದೂ ನಿಜ. ಆದರೆ ಆ ಕೋಪದಲ್ಲಿಯೂ ಆತನು ಮೋಶೆಗೆ ಜೊತೆಯಾಗಿ ಆರೋನನನ್ನು ಕೊಟ್ಟನು. ಭಯವನ್ನು ದೇವರ ಮುಂದೆ ಬಿಚ್ಚಿಡುವವನು ಇನ್ನೂ ದೇವರೊಂದಿಗೆ ಮಾತಾಡುತ್ತಿದ್ದಾನೆ. ಯೋನನು ಹಾಗೆ ಮಾಡಲಿಲ್ಲ. ನಿನೆವೆಗೆ ಹೋಗೆಂಬ ಮಾತು ಬಂದಾಗ ಒಂದು ಮಾತನ್ನೂ ಆಡದೆ ಯೊಪ್ಪಕ್ಕೆ ಇಳಿದು, ಪ್ರಯಾಣದ ದರವನ್ನು ತೆತ್ತು, ತಾರ್ಷೀಷಿನ ಹಡಗನ್ನು ಹತ್ತಿದನು. ಅವನು ತನ್ನ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವುದು 4ನೆಯ ಅಧ್ಯಾಯದಲ್ಲಿ, ಎಲ್ಲ ಮುಗಿದ ಮೇಲೆ: ನೀನು ದಯಾಳು, ಆ ಜನರನ್ನು ಕ್ಷಮಿಸಿಬಿಡುವೆ ಎಂದು ನನಗೆ ಆಗಲೇ ಗೊತ್ತಿತ್ತು.

ವಾಕ್ಯಾಭ್ಯಾಸಿ:

ಸಹೋದರಿ, ನಿಮ್ಮ ತಿದ್ದುಪಡಿ ನ್ಯಾಯವಾದದ್ದು. ನನ್ನ ಎಚ್ಚರಿಕೆ ಒಂದೇ. "ದೇವರು ನನಗೆ ಹೇಳಿದನು" ಎಂದು ಒಬ್ಬರು ಘೋಷಿಸಿದ ಕೂಡಲೆ ಉಳಿದವರ ಬಾಯಿ ಕಟ್ಟಿಹೋಗುತ್ತದೆ. ಪ್ರಶ್ನಿಸಿದವನು ದೇವರನ್ನೇ ಪ್ರಶ್ನಿಸಿದಂತಾಗುತ್ತದೆ. ಪೌಲನು ಥೆಸಲೋನಿಕದವರಿಗೆ ಪ್ರವಾದನೆಗಳನ್ನು ಹೀನೈಸಬೇಡಿರಿ ಎಂದವನೇ, ಅದೇ ಉಸಿರಿನಲ್ಲಿ ಎಲ್ಲವನ್ನೂ ಪರಿಶೋಧಿಸಿರಿ ಎಂದೂ ಬರೆದನು.

ಇನ್ನೊಂದು ಉದಾಹರಣೆ ಎರಡೂ ಪಕ್ಷಕ್ಕೆ ಹೊಂದುತ್ತದೆ. ಹಿಟ್ಲರನನ್ನು ವಿರೋಧಿಸಿದ ಜರ್ಮನಿಯ ದೈವಜ್ಞಾನಿ ಡೀಟ್ರಿಚ್ ಬಾನ್‌ಹೋಫರ್ 1939ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿಗೆ ಹೋದರು. ಯುದ್ಧ ಸಮೀಪಿಸಿತ್ತು, ಅಲ್ಲಿ ಅವರಿಗೆ ಭದ್ರತೆಯಿತ್ತು, ಕೆಲಸವೂ ಸಿದ್ಧವಾಗಿತ್ತು. ಆದರೆ ತನ್ನ ದೇಶದ ಸಭೆಯನ್ನು ಬಿಟ್ಟುಬಂದದ್ದು ಅವರನ್ನು ಕಾಡಿತು. ಯಾವ ಸ್ವರವೂ ಅವರಿಗೆ ಕೇಳಿಸಲಿಲ್ಲ. ಪ್ರತಿದಿನದ ಧ್ಯಾನಕ್ಕೆ ಕ್ರಮವಾಗಿ ಓದುತ್ತಿದ್ದ ವಚನಗಳಲ್ಲಿ, ಚಳಿಗಾಲಕ್ಕೆ ಮುಂಚೆಯೇ ಬರಲು ಪ್ರಯತ್ನಮಾಡು ಎಂದು ಪೌಲನು ತಿಮೊಥೆಯನಿಗೆ ಬರೆದ ಮಾತು ಒಂದು ದಿನ ಎದುರಾಯಿತು. ಅದು ದಿನವಿಡೀ ತನ್ನನ್ನು ಬಿಡಲಿಲ್ಲವೆಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ಆ ವಚನವೊಂದರಿಂದಲೇ ಅವರು ತೀರ್ಮಾನಿಸಿದ್ದಲ್ಲ. ಹಿಂದಿರುಗಬೇಕೆಂಬ ತೀರ್ಮಾನ ಅದಕ್ಕೆ ಮೊದಲೇ ಬಲಿತಿತ್ತು, ವಚನ ಅದಕ್ಕೆ ಜೊತೆಗೂಡಿತು. ಜುಲೈ ತಿಂಗಳಲ್ಲಿ ಅವರು ಹಡಗು ಹತ್ತಿದರು. 1945ರ ಏಪ್ರಿಲ್ 9ರಂದು ಫ್ಲೋಸನ್‌ಬುರ್ಗ್ ಸೆರೆಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಮನೆಯಲ್ಲಿ ಆರೈಕೆ ಮಾಡುವವಳು:

ನಾನು ಈ ಚರ್ಚೆಯನ್ನು ಓದುತ್ತಾ ಬಂದೆ. ಇಲ್ಲಿ ಬಂದ ಉದಾಹರಣೆಗಳೆಲ್ಲವೂ ಎಲ್ಲಿಗೋ ಹೊರಟವರದ್ದು. ಹೊರಡಲಾಗದವರ ಪಾಲಿನ ಮಾತನ್ನೂ ಯಾರಾದರೂ ಆಡಬೇಕೆಂದು ಬರೆಯುತ್ತಿದ್ದೇನೆ.

ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ನನ್ನ ಅತ್ತೆಯವರನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಬೆನ್ನಿನಲ್ಲಿ ಹುಣ್ಣಾಗದಂತೆ ಅವರನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸಬೇಕು, ಮೊಣಕಾಲುಗಳ ನಡುವೆ ದಿಂಬಿಡಬೇಕು, ಮೈ ಒರೆಸಿ ಬಟ್ಟೆಯ ಸುಕ್ಕನ್ನು ಸರಿಮಾಡಬೇಕು. ಇದೆಲ್ಲ ಕಲಿತುಬಿಡಬಹುದಾದ ಕೆಲಸ. ಕಷ್ಟವಾದದ್ದು ಅವರ ಮಾತನ್ನು ಕೇಳಿಸಿಕೊಳ್ಳುವುದು. ಒಂದು ಶಬ್ದ ಹೊರಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. "ನೀ..." ಎಂದು ಅವರು ಆರಂಭಿಸಿದಾಗ "ನೀರು ಬೇಕಾ ಅತ್ತೆ?" ಎಂದು ನಾವೇ ವಾಕ್ಯವನ್ನು ಮುಗಿಸಿಬಿಟ್ಟರೆ ಅವರು ಕಣ್ಣು ಮುಚ್ಚಿಕೊಂಡು ಸುಮ್ಮನಾಗಿಬಿಡುತ್ತಾರೆ. ಅವರು ಹೇಳಹೊರಟದ್ದು "ನೀನು ಮಲಗು" ಎಂದು. ಕೈಯಲ್ಲಿರುವ ಲೋಟವನ್ನು ಕೆಳಗಿಟ್ಟು, ಮಂಚದ ಪಕ್ಕದಲ್ಲಿ ಕುಳಿತು, ಮುಖವನ್ನೇ ನೋಡುತ್ತಾ ಕಾದರೆ ಮಾತ್ರ ಅದು ಹೊರಗೆ ಬರುತ್ತದೆ.

ಕರ್ತನು ಮನೆಗೆ ಬಂದಾಗ ತಂಗಿ ಮರಿಯಳು ಆತನ ಮಾತನ್ನು ಕೇಳುತ್ತಾ ಕುಳಿತಿರಲು, ಸೇವೆಯಲ್ಲಿ ತೊಡಗಿದ್ದ ಬೇಥಾನ್ಯದ ಮಾರ್ಥಳನ್ನು ನಾವು ಬಹಳ ಸುಲಭವಾಗಿ ದೂರುತ್ತೇವೆ. ಲೂಕನು ಬರೆದದ್ದನ್ನು ಸರಿಯಾಗಿ ನೋಡಿದರೆ ಕರ್ತನು ಅವಳ ಸೇವೆಯನ್ನು ಬೇಡವೆನ್ನಲಿಲ್ಲ. ಅನೇಕ ವಿಷಯಗಳಿಗಾಗಿ ಚಿಂತೆಯಲ್ಲಿಯೂ ಗಡಿಬಿಡಿಯಲ್ಲಿಯೂ ಸಿಲುಕಿದ್ದೀ ಎಂದನು. ಅವಳು ಅಡುಗೆಮನೆಯಿಂದ ಬಂದು ಮಾಡಿದ್ದೇನು? ನನಗೆ ಸಹಾಯಮಾಡೆಂದು ತಂಗಿಗೆ ಹೇಳು ಎಂದು ಕರ್ತನಿಗೇ ಅಪ್ಪಣೆ ಕೊಟ್ಟಳು. ಸೇವೆ ಮಾಡುತ್ತಾ ಮಾಡುತ್ತಾ, ಯಾರಿಗಾಗಿ ಮಾಡುತ್ತಿದ್ದೇವೋ ಅವರು ಏನು ಹೇಳಬೇಕೆಂಬುದನ್ನೂ ನಾವೇ ಹೇಳಿಕೊಡುವ ಸ್ಥಿತಿ ಬಂದುಬಿಡುತ್ತದೆ. ಮುಂದೆ ಯೋಹಾನನ 12ನೆಯ ಅಧ್ಯಾಯದಲ್ಲಿ ಕರ್ತನು ಬೇಥಾನ್ಯಕ್ಕೆ ಮತ್ತೆ ಬಂದಾಗಲೂ ಊಟ ಬಡಿಸುತ್ತಿದ್ದವಳು ಮಾರ್ಥಳೇ. ಆ ಸಲ ದೂರಿಲ್ಲ, ಗಡಿಬಿಡಿಯ ಮಾತೂ ಇಲ್ಲ. ಆ ಒಂದು ಸಾಲು ನನ್ನಂಥವರಿಗೆ ಎಷ್ಟು ಧೈರ್ಯ ಕೊಡುತ್ತದೆಂದು ಹೇಳಲಾರೆ.

ಆದುದರಿಂದ ತಮ್ಮಾ, ಪೂರ್ಣಾವಧಿ ಸೇವೆ ಎಂಬ ಮಾತನ್ನು ಆಡುವಾಗ ಸ್ವಲ್ಪ ಯೋಚಿಸು. ನಿನ್ನ ಮನೆಯಲ್ಲಿ ಯಾರ ಮಾತನ್ನು ನೀನು ಅರ್ಧಕ್ಕೇ ಮುಗಿಸಿಬಿಡುತ್ತಿದ್ದೀಯೋ, ಅಲ್ಲಿಂದಲೇ ಕೇಳುವುದನ್ನು ಆರಂಭಿಸಬಹುದು.

ಮಿಷನ್ ಇತಿಹಾಸದ ಓದುಗ:

ಹಿಂದಿನ ಸಹೋದರಿಯ ಮಾತು ನನ್ನನ್ನು ಬಹಳವಾಗಿ ತಟ್ಟಿತು. ಅದಕ್ಕೆ ಹೊಂದಿಕೊಂಡಿರುವ, ಸಭೆಗಳಲ್ಲಿ ನಾವು ಅಷ್ಟಾಗಿ ಹೇಳದ ಒಂದು ಚರಿತ್ರೆಯಿದೆ.

ವಿಲಿಯಂ ಕೇರಿಯವರ ಹೆಸರನ್ನು ಕೇಳದವರಿಲ್ಲ. ಇಂಗ್ಲೆಂಡಿನಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಅವರು 1793ರಲ್ಲಿ ಮಿಷನರಿಯಾಗಿ ಭಾರತಕ್ಕೆ ಬಂದರು. ಮೊದಲನೆಯ ದೀಕ್ಷಾಸ್ನಾನಕ್ಕಾಗಿ 1800ರ ಕೊನೆಯವರೆಗೂ ಕಾದರು. 1812ರಲ್ಲಿ ಸೆರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಹಸ್ತಪ್ರತಿಗಳು ಸುಟ್ಟುಹೋದಾಗ ಎದೆಗುಂದದೆ ಮತ್ತೆ ಆರಂಭಿಸಿದರು. ಇವೆಲ್ಲ ಪ್ರಸಂಗಗಳಲ್ಲಿ ಬರುತ್ತವೆ. ಅವರ ಪತ್ನಿ ಡೊರೊಥಿಯವರ ಮಾತು ಬರುವುದು ವಿರಳ. ಆಕೆ ಗರ್ಭಿಣಿಯಾಗಿದ್ದಾಗ ಈ ಪ್ರಯಾಣದ ನಿರ್ಧಾರವಾಯಿತು. ಆಕೆ ಮೊದಲು ಬರಲು ಒಪ್ಪಲಿಲ್ಲ. ಪ್ರಯಾಣ ತಡವಾದದ್ದರಿಂದ ಮತ್ತೆ ಕೇಳಿಕೊಂಡಾಗ, ತಂಗಿ ಜೊತೆಗೆ ಬರುವುದಾದರೆ ಮಾತ್ರ ಬರುತ್ತೇನೆಂದು ಹಸುಗೂಸನ್ನು ಎತ್ತಿಕೊಂಡು ಹೊರಟರು. ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡನು. ಆಕೆಯ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. 1807ರಲ್ಲಿ ಸಾಯುವ ತನಕ ಆಕೆ ಚೇತರಿಸಿಕೊಳ್ಳಲಿಲ್ಲ. ಕೇರಿಯವರು ಸತ್ಯವೇದದ ಭಾಷಾಂತರಕ್ಕೆ ಕುಳಿತಿದ್ದ ಎಷ್ಟೋ ದಿನಗಳಲ್ಲಿ ಪಕ್ಕದ ಕೋಣೆಯಲ್ಲಿ ಆಕೆ ಆ ಸ್ಥಿತಿಯಲ್ಲಿದ್ದರು.

ಕೇರಿಯವರ ಕರೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅವರ ಶ್ರಮದ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಆದರೆ ಒಬ್ಬರು ಕೇಳಿದ ಕರೆಯ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗಿ ಬರುವಾಗ, ಆ ಇನ್ನೊಬ್ಬರ ಮಾತನ್ನು ಕೇಳುವುದು ಅವಿಶ್ವಾಸವಲ್ಲ. ಅವರ ಹಿಂಜರಿಕೆಯನ್ನು ಸೈತಾನನ ಅಡ್ಡಿಯೆಂದು ಕರೆಯುವ ಅಭ್ಯಾಸ ನಮ್ಮಲ್ಲಿದೆ. ಅದು ಬಹಳ ಅನ್ಯಾಯವಾದದ್ದು. ತಂದೆತಾಯಿಯನ್ನು ಎದುರಿಸುವುದೇ ವಿಧೇಯತೆ ಎಂದು ಹೇಳುವ ಸ್ನೇಹಿತರಿಗೆ, ದೇವರಿಗೆ ಅರ್ಪಿತವಾಯಿತೆಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರನ್ನು ಕರ್ತನು ಮಾರ್ಕನ 7ನೆಯ ಅಧ್ಯಾಯದಲ್ಲಿ ಎಷ್ಟು ಕಟುವಾಗಿ ಖಂಡಿಸಿದನೆಂದು ತೋರಿಸಬೇಕು. ತಂದೆಯನ್ನಾಗಲಿ ತಾಯಿಯನ್ನಾಗಲಿ ನನಗಿಂತ ಹೆಚ್ಚಾಗಿ ಪ್ರೀತಿಸುವವನು ನನಗೆ ಯೋಗ್ಯನಲ್ಲ ಎಂದವನೂ ಅದೇ ಕರ್ತನೇ. ಈ ಎರಡು ಮಾತುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಹಕ್ಕು ನಮಗಿಲ್ಲ.

ಕೇರಿಯವರ ಚರಿತ್ರೆಗೆ ಹೊರತಾಗಿ ಇನ್ನೊಂದನ್ನು ನೋಡಿ. ಮದರ್ ತೆರೇಸಾ ಅವರು ತಮ್ಮ ಎರಡನೆಯ ಕರೆಯನ್ನು ಕೇಳಿದ್ದು 1946ರ ಸೆಪ್ಟೆಂಬರ್ 10ರಂದು, ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ. ಕಡುಬಡವರ ನಡುವೆ ಹೋಗಿ ಬದುಕಬೇಕೆಂಬ ಆ ಮಾತಿನಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆದರೂ ಮರುದಿನವೇ ಕಾನ್ವೆಂಟಿನಿಂದ ಹೊರಡಲಿಲ್ಲ. ತಮ್ಮ ಆತ್ಮಿಕ ಮಾರ್ಗದರ್ಶಕರಿಗೆ ಹೇಳಿದರು, ಆರ್ಚ್‌ಬಿಷಪರಿಗೆ ಪತ್ರಗಳನ್ನು ಬರೆದರು, ಅವರು ಪ್ರಶ್ನಿಸಿದಾಗ ಉತ್ತರಿಸಿದರು, ಕಾಯಿರಿ ಎಂದಾಗ ಕಾದರು. ಅನುಮತಿ ಸಿಕ್ಕಿ ಹೊರಟದ್ದು 1948ರ ಆಗಸ್ಟ್‌ನಲ್ಲಿ. ಸುಮಾರು ಎರಡು ವರ್ಷಗಳ ಆ ಕಾಯುವಿಕೆಯಿಂದ ಕರೆ ಬತ್ತಿಹೋಗಲಿಲ್ಲ.

ಹೊಸ ಸದಸ್ಯೆ:

ಕ್ಷಮಿಸಿ, ನಡುವೆ ಒಂದು ಪ್ರಶ್ನೆ. ಕೇಳಲು ಮನಸ್ಸಿದೆ, ವಾಕ್ಯವನ್ನು ಓದುತ್ತೇನೆ, ಪ್ರಾರ್ಥಿಸುತ್ತೇನೆ. ಆದರೂ ಏನೂ ಕೇಳಿಸದ ಕಾಲ ಬಂದರೆ ಏನು ಮಾಡಬೇಕು? ಅದು ನನ್ನ ಪಾಪದ ಗುರುತೇ?

ಪ್ರಾರ್ಥನಾ ಕೂಟದ ಸಹೋದರಿ:

ಮಗಳೇ, ಪಾಪವಿದ್ದರೆ ಆತ್ಮನು ಅದನ್ನು ಹೆಸರಿಟ್ಟು ತೋರಿಸುತ್ತಾನೆ. ಏನೆಂದೇ ತಿಳಿಯದ, ಒಟ್ಟಾರೆಯಾಗಿ ಕುಗ್ಗಿಸುವ ದೋಷಭಾವನೆಯನ್ನು ಆತನ ಸ್ವರವೆಂದು ಎಣಿಸಬೇಡ. ಮೊದಲು ಪ್ರವಾದಿಯಾದ ಎಲೀಯನನ್ನು ನೋಡು. ಕರ್ಮೆಲ್ ಬೆಟ್ಟದ ಜಯವಾದ ಮೇಲೆ ಅವನು ಜೀವಕ್ಕೆ ಹೆದರಿ ಅರಣ್ಯಕ್ಕೆ ಓಡಿ, ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಮಲಗಿಬಿಟ್ಟನು. ದೇವರು ಅಲ್ಲಿ ಅವನಿಗೆ ಪ್ರಸಂಗ ಮಾಡಲಿಲ್ಲ. ದೂತನು ಬಂದು ತಟ್ಟಿ ಎಬ್ಬಿಸಿ, ಎದ್ದು ಊಟಮಾಡು ಎಂದನು. ಅವನು ಉಂಡು ಕುಡಿದು ಮತ್ತೆ ಮಲಗಿದನು. ಎರಡನೆಯ ಸಲವೂ ಅದೇ: ಎಬ್ಬಿಸಿ, ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು, ಊಟಮಾಡು. ಹೋರೇಬಿನಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲ ದಾಟಿದ ಮೇಲೆ ಬಂದ ಮೆಲ್ಲಗಿನ ಸ್ವರದ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಅದಕ್ಕೆ ಮೊದಲು ಅವನಿಗೆ ನಿದ್ರೆಯೂ ಆಹಾರವೂ ಸಿಕ್ಕಿದ್ದನ್ನು ಮರೆಯುತ್ತೇವೆ. ದಣಿದ ಶರೀರದಲ್ಲಿ ಕಿವಿಯೂ ದಣಿದಿರುತ್ತದೆ. ನಿದ್ರೆಗೆಟ್ಟು ಸೇವೆ ಮಾಡುತ್ತಿದ್ದರೆ, ಮೊದಲು ಮಲಗು.

ಎರಡನೆಯದು, ಹಿಂದಿನ ಬರಹದಲ್ಲಿ ಬಂದ ಮದರ್ ತೆರೇಸಾ ಅವರದ್ದೇ ಮುಂದಿನ ಭಾಗ. ರೈಲಿನಲ್ಲಿ ಅಷ್ಟು ಸ್ಪಷ್ಟವಾಗಿ ಕರೆಯನ್ನು ಕೇಳಿದ ಅವರು, ಕೆಲಸ ಆರಂಭವಾದ ಮೇಲೆ ಹಲವು ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದಂಥ ಕತ್ತಲೆಯನ್ನು ಹೊತ್ತುಕೊಂಡೇ ಬದುಕಿದರೆಂದು, 1997ರಲ್ಲಿ ಅವರು ತೀರಿಕೊಂಡ ಮೇಲೆ ಬೆಳಕಿಗೆ ಬಂದ ಪತ್ರಗಳಿಂದ ಲೋಕಕ್ಕೆ ತಿಳಿಯಿತು. ಅವರು ಅದನ್ನು ತಮ್ಮ ಮಾರ್ಗದರ್ಶಕರಿಗೆ ಹೇಳಿಕೊಂಡರು, ಒಬ್ಬಂಟಿಯಾಗಿ ನುಂಗಿಕೊಳ್ಳಲಿಲ್ಲ. ಸಾಯುತ್ತಿರುವವರನ್ನು ಎತ್ತಿ ತಂದು ಮೈತೊಳೆಯುವ ಕೆಲಸವನ್ನೂ ನಿಲ್ಲಿಸಲಿಲ್ಲ. ಕೊನೆಯದಾಗಿ ಸ್ಪಷ್ಟವಾಗಿ ಕೇಳಿದ ಮಾತು ಯಾವುದೋ, ಹೊಸ ಮಾತು ಬರುವ ತನಕ ಅದರಲ್ಲಿಯೇ ನಿಂತಿರು. ನೀನು ಕೂಡ ನಂಬಿಕೆಯುಳ್ಳ ಒಬ್ಬರಿಗೆ ಇದನ್ನು ಹೇಳಿಕೊಂಡು, ಅವರ ಜೊತೆ ಕುಳಿತು ಕೀರ್ತನೆಗಳನ್ನು ಓದು. 88ನೆಯ ಕೀರ್ತನೆ ಆರಂಭದಿಂದ ಕೊನೆಯವರೆಗೆ ಕತ್ತಲೆಯಲ್ಲಿಯೇ ಇದೆ. ಅದೂ ಪ್ರಾರ್ಥನೆಯೇ ಎಂದು ಸತ್ಯವೇದ ಒಪ್ಪಿಕೊಂಡಿದೆ.

ಯೌವನಸ್ಥರ ಕೂಟದ ಸದಸ್ಯ:

ಎಲ್ಲರಿಗೂ ಕೃತಜ್ಞನಾಗಿದ್ದೇನೆ. "ಈಗಿರುವಲ್ಲಿಯೇ ಇರು" ಎಂಬ ಮಾತಿಗೆ ಸಿದ್ಧನೋ ಎಂಬ ಅಯ್ಯನವರ ಪ್ರಶ್ನೆಯನ್ನು ಪ್ರಾರ್ಥನೆಯಲ್ಲಿ ಇಟ್ಟುಕೊಂಡಿದ್ದೇನೆ. ಸುಲಭವಾಗಿ ಹೌದೆನ್ನಲು ಆಗುತ್ತಿಲ್ಲ. ಇನ್ನೊಂದು ಸಂಗತಿಯನ್ನು ಕೇಳಬೇಕಾಗಿದೆ. ನನ್ನ ಆಸೆಯನ್ನು ಸಭೆಯ ಹಿರಿಯರ ಮುಂದೆ ಇಡುವಾಗ ಅವರು "ಇಲ್ಲ" ಎಂದರೆ, ಅದನ್ನು ದೇವರ ಉತ್ತರವೆಂದೇ ತೆಗೆದುಕೊಳ್ಳಬೇಕೇ? ಹಿರಿಯರೂ ತಪ್ಪಬಹುದಲ್ಲವೇ?

ಸಭೆಯ ಹಿರಿಯ:

ತಪ್ಪಬಹುದು. ಹಿರಿಯರ ಮಂಡಳಿಯಲ್ಲಿ ಕುಳಿತವನಾಗಿ ಇದನ್ನು ಹೇಳುತ್ತಿದ್ದೇನೆ. ಸಮುವೇಲನನ್ನು ಕರೆದದ್ದು ಯೆಹೋವನೆಂದು ಏಲಿಗೆ ಹೊಳೆದದ್ದು ಮೂರನೆಯ ಸಲ ಮಾತ್ರ. ಎರಡು ಸಲ ಹುಡುಗನನ್ನು ಹಿಂದಕ್ಕೆ ಮಲಗಲು ಕಳುಹಿಸಿದವನು ಅವನೇ. ಹಾಗಿದ್ದರೂ ಏಲಿಯಿಲ್ಲದೆ ಆ ಹುಡುಗನಿಗೆ ಉತ್ತರಿಸುವುದು ಹೇಗೆಂದೇ ತಿಳಿಯುತ್ತಿರಲಿಲ್ಲ. ಮರುದಿನ ಆ ಮಾತು ತನಗೇ ವಿರೋಧವಾದದ್ದೆಂದು ಊಹೆಯಿದ್ದರೂ, ಒಂದನ್ನೂ ಮರೆಮಾಡಬೇಡವೆಂದು ಒತ್ತಾಯಿಸಿ ಎಲ್ಲವನ್ನೂ ಕೇಳಿ, ಆತನು ಯೆಹೋವನು, ತನಗೆ ಸರಿಕಂಡದ್ದನ್ನು ಮಾಡಲಿ ಎಂದನು. ತನ್ನ ಮಕ್ಕಳನ್ನು ತಿದ್ದದೆ ಹೋದ ಆ ಮುದುಕನಲ್ಲಿ ಇಷ್ಟಾದರೂ ಕೇಳುವ ಗುಣ ಉಳಿದಿತ್ತು. ಹಿರಿಯರೆನಿಸಿಕೊಂಡ ನಾವು ಮೊದಲು ಕಲಿಯಬೇಕಾದದ್ದು ಅದನ್ನು. ಸಭೆಗೆ ಸಂಡೇ ಸ್ಕೂಲ್ ಶಿಕ್ಷಕರು ಕಡಮೆಯಾಗುತ್ತಾರೆಂದೋ, ಕೊಡುವ ಕೈಯೊಂದು ಹೋಗುತ್ತದೆಂದೋ ಒಬ್ಬ ಯುವಕನನ್ನು ತಡೆದರೆ, ಅದಕ್ಕೆ ನಾವು ಲೆಕ್ಕ ಒಪ್ಪಿಸಬೇಕಾಗುತ್ತದೆ.

ಅಂತಿಯೋಕ್ಯದ ಸಭೆಯಲ್ಲಿ ಬಾರ್ನಬ ಸೌಲರನ್ನು ನಾನು ಕರೆದ ಕೆಲಸಕ್ಕಾಗಿ ಪ್ರತ್ಯೇಕಿಸಿರಿ ಎಂಬ ಆತ್ಮನ ಮಾತು ಬಂದದ್ದು ಹಲವರು ಕೂಡಿ ಉಪವಾಸವಿದ್ದು ಆರಾಧಿಸುತ್ತಿದ್ದಾಗ. ಸೌಲನು ಕರ್ತನ ಕರೆಯನ್ನು ದಮಸ್ಕದ ದಾರಿಯಲ್ಲಿ ವರ್ಷಗಳ ಹಿಂದೆಯೇ ಕೇಳಿದ್ದನು. ಸಭೆ ಕೈಯಿಟ್ಟು ಕಳುಹಿಸಿದ್ದು ಆಮೇಲೆ, ಅವನು ಅದೇ ಸಭೆಯಲ್ಲಿ ಒಂದು ಪೂರ್ತಿ ವರ್ಷಕ್ಕೂ ಹೆಚ್ಚು ಕಾಲ ಬೋಧಿಸಿ ಎಲ್ಲರಿಗೂ ಪರಿಚಿತನಾದ ಮೇಲೆ.

ಆದುದರಿಂದ ಹಿರಿಯರು ಸುಮ್ಮನೆ "ಬೇಡ" ಎಂದರೆ ಕಾರಣವನ್ನು ಗೌರವದಿಂದ ಕೇಳಿ. "ಇನ್ನೂ ಕಾಯಿರಿ" ಎಂದರೆ ಯಾವುದಕ್ಕಾಗಿ ಕಾಯಬೇಕು, ಅಷ್ಟರೊಳಗೆ ಯಾವ ಕೆಲಸವನ್ನು ನಿಮ್ಮ ಕೈಗೆ ಒಪ್ಪಿಸುತ್ತಾರೆ, ಮತ್ತೆ ಯಾವಾಗ ಕುಳಿತು ಮಾತಾಡುತ್ತಾರೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಹೊರಡುವುದಾದರೆ ಜೀವನಕ್ಕೆ ಏರ್ಪಾಡೇನು, ನಿಮ್ಮನ್ನು ಕಳುಹಿಸುವವರು ಯಾರು, ಕಾಯಿಲೆ ಬಿದ್ದರೆ ನೋಡುವವರು ಯಾರು ಎಂಬ ಪ್ರಶ್ನೆಗಳನ್ನು ನಂಬಿಕೆಯ ಕೊರತೆಯೆಂದು ತಳ್ಳಿಹಾಕಬೇಡಿ. ಬುರುಜು ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕಹಾಕುತ್ತಾನೆಂದು ಹೇಳಿದವನು ಕರ್ತನೇ. ಆ ಮಾತುಕತೆಗೆ ನೀವು ಒಬ್ಬರೇ ಹೋಗಬೇಡಿ. ತಂದೆತಾಯಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಭಯವನ್ನು ಹಿರಿಯರು ಅವರ ಬಾಯಿಂದಲೇ ಕೇಳುವಂತೆ ಮಾಡಿ.